ಬಲಗಣ್ಣು ಕಂಡ ಮಂಜುಗಡ್ಡೆ

ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಅಂಚಿಗೆ ಹಾಕಿರುವ ಹಳದಿ ಪಟ್ಟಿ ನೇರವಾಗಿದೆ. ಎಡಗಣ್ಣಿನಿಂದ ನೋಡಿದರೆ ನನಗೂ ನೇರವಾಗಿಯೇ ಕಾಣುತ್ತದೆ. ಅದು ಹಾಗಿಲ್ಲ ಎಂದು ನನಗೆ ಮೊದಲು ಕಂಡದ್ದು ಮಳೆಗಾಲ ಮುಗಿಯುತ್ತಿದ್ದಾಗ, ಒಂದು ಬೆಳಿಗ್ಗೆ, ಠಾಣೆ ಊರಿನ ಕಡೆಗೆ ಹೋಗುವ ಸ್ಲೋ ಲೋಕಲ್ ಗಾಡಿಗೆ ಕಾಯುತ್ತ ನಿಂತಿದ್ದಾಗ.

ಎಡಗಣ್ಣಿಗೆ ಏನೋ ಕಸ ಬಿದ್ದಿತ್ತು. ಸೆರಗಿನ ತುದಿಯಿಂದ ಅದನ್ನು ಒತ್ತಿಕೊಂಡು, ಬಲಗಣ್ಣೊಂದರಿಂದಲೇ ಗಾಡಿ ಬರುವ ದಿಕ್ಕಿಗೆ ನೋಡಿದೆ. ಹಳದಿ ಪಟ್ಟಿ ಒಂದು ಕಡೆ ಉಬ್ಬಿತ್ತು. ಟೈಲ್ ಎದ್ದಿರಬೇಕು ಎಂದುಕೊಂಡೆ. ನೋಟವನ್ನು ಸ್ವಲ್ಪ ಆಚೆಗೆ ಸರಿಸಿದೆ. ಉಬ್ಬೂ ಆಚೆಗೆ ಸರಿಯಿತು. ಈಚೆಗೆ ತಂದೆ. ಅದೂ ಈಚೆಗೆ ಬಂತು. ಅಷ್ಟರಲ್ಲಿ ಗಾಡಿ ಬಂತು. ನನ್ನೆದುರು ನಿಂತ ಲೇಡೀಸ್ ಡಬ್ಬಿಯ ಬಾಗಿಲಿನ ನಡುವಿನ ಕಂಬ ಹೊಟ್ಟೆ ಬಂದಂತೆ ಅಗಲವಾಗಿ, ಮೇಲೆ ಕೆಳಗೆ ಸಣ್ಣಗಾಗಿ ಕಂಡಿತು. ಹಿಂದಿನವರು ತಳ್ಳಿದ್ದರಿಂದ ಒಳಗೆ ಹೋದೆ. ಹಿಡಿದ ಕಂಬ ಕೈಗೆ ನೇರವಾಗಿತ್ತು.

ಒಳಗೆ ನಿಂತು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ಎದುರಿನ ಕಿಟಕಿಯ ಸರಳುಗಳನ್ನು ನೋಡುತ್ತಿದ್ದೆ. ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ಸಹಿಸಿದಳು.

"ಕಾಯ್ ಓ ಕಾಕೂ, ಸಕಾಳೀ ಸಕಾಳೀ ಕುಣಾಲಾ ಡೋಳಾ ಮಾರ್ತಾಯ್?"

ಬೆಳಬೆಳಿಗ್ಗೆ ಯಾರಿಗೆ ಕಣ್ಣು ಹೊಡೆಯುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕಿರಬೇಕು. ಮುಂಬ್ರಾ ದಾಟುವವರೆಗೂ ನನಗೆ ಬೇರೆ ಏನೂ ನೆನಪಿಲ್ಲ.

ಬೇರೆಯವರಾಗಿದ್ದರೆ ಕಣ್ಣಿನ ಬಗ್ಗೆ ಹೆದರುತ್ತಿದ್ದರು. ನಾನು ಮೊದಲು ಹೆದರಿದ್ದು ಅಂಟಾರ್ಕ್ಟಿಕಾದ ಸುತ್ತಲಿನ ಸಮುದ್ರದ ಬಗ್ಗೆ. ಅದು ಯಾಕೆ ಎಂದು ತಿಳಿಯಬೇಕಾದರೆ ನನ್ನ ಕೆಲಸವನ್ನು ಸ್ವಲ್ಪ ಹೇಳಬೇಕು.

ನವಿ ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಬಹಳ ವರ್ಷಗಳಿಂದ ನಾನು ಡಯಾಟಮ್‌ಗಳನ್ನು ಎಣಿಸುತ್ತೇನೆ. ಸಮುದ್ರದ ಮೇಲೆ ಹೆಪ್ಪುಗಟ್ಟುವ ಮಂಜುಗಡ್ಡೆ ಕರಗಿದ ಮೇಲೆ ತನ್ನ ಗುರುತು ಬಿಡುವುದಿಲ್ಲ. ನೀರಿಗೆ ನೀರು ಸೇರುತ್ತದೆ, ಅಷ್ಟೇ. ಆದರೆ ಅದರ ಅಡಿಯಲ್ಲಿ, ಅಂಚಿನಲ್ಲಿ ಬದುಕುವ ಡಯಾಟಮ್ ಎಂಬ ಪಾಚಿಗೆ ಗಾಜಿನಂಥ ಚಿಪ್ಪು ಇರುತ್ತದೆ. ಪಾಚಿ ಸತ್ತ ಮೇಲೆ ಚಿಪ್ಪು ತಳಕ್ಕಿಳಿದು ಕೆಸರಿನಲ್ಲಿ ಪದರದ ಮೇಲೆ ಪದರವಾಗಿ ಕೂರುತ್ತದೆ. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ಆ ಕೆಸರನ್ನು ಕಂಬದ ಹಾಗೆ ಎತ್ತುತ್ತಾರೆ. ಅದಕ್ಕೆ ನಾವು ಕೋರ್ ಎನ್ನುತ್ತೇವೆ. ಕೋರಿನ ತಳದಲ್ಲಿ ಹಳೆಯ ಕಾಲ, ಮೇಲೆ ಇತ್ತೀಚಿನ ಕಾಲ. ಒಂದೊಂದು ಪದರದ ಚಿಟಿಕೆ ಕೆಸರನ್ನು ತೊಳೆದು, ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಮೈಕ್ರೋಸ್ಕೋಪಿನಲ್ಲಿ ಯಾವ ಜಾತಿಯ ಚಿಪ್ಪು ಎಷ್ಟಿದೆ ಎಂದು ಎಣಿಸಿದರೆ ಆ ಕಾಲದಲ್ಲಿ ಅಲ್ಲಿ ಮಂಜುಗಡ್ಡೆ ಇತ್ತೇ, ತೆರೆದ ನೀರಿತ್ತೇ ಎಂದು ಊಹಿಸಬಹುದು.

ಈ ಕೋರಿನಲ್ಲಿ ನಮಗೆ ಮುಖ್ಯವಾಗಿದ್ದವು ಎರಡು ಜಾತಿಗಳು. ಎರಡೂ ಬಹಳ ಸಣ್ಣವು, ಎರಡರ ಮೈಮೇಲೂ ಅಡ್ಡ ಗೀರುಗಳು. ಒಂದರ ಬದಿಗಳು ನೇರ, ತುದಿಗಳು ದುಂಡಗೆ, ಮೇಲಿನಿಂದ ನೋಡಿದ ಲೋಕಲ್ ಗಾಡಿಯ ಬೋಗಿಯಂತೆ. ಅದು ಮಂಜುಗಡ್ಡೆಯ ಜೊತೆ ಇರುವಂಥದ್ದು. ಇನ್ನೊಂದರ ನಡು ತುಸು ಉಬ್ಬಿ ತುದಿಗಳು ಸಣ್ಣಗಾಗುತ್ತವೆ. ಅದು ತೆರೆದ ನೀರಿನದು. ಲ್ಯಾಟಿನ್ ಹೆಸರುಗಳನ್ನು ದಿನವಿಡೀ ಕೂಗಲಾಗದೆ ನಾವು ಮೊದಲನೆಯದಕ್ಕೆ ಡಬ್ಬಾ ಎಂದೂ ಎರಡನೆಯದಕ್ಕೆ ಮರಾಠಿಯಲ್ಲಿ ದೋಣಿಗೆ ಹೇಳುವಂತೆ ಹೋಡಿ ಎಂದೂ ಹೆಸರಿಟ್ಟಿದ್ದೆವು. ಡಬ್ಬಾ ಹೆಚ್ಚಿದ್ದರೆ ಮಂಜುಗಡ್ಡೆ. ಹೋಡಿ ಹೆಚ್ಚಿದ್ದರೆ ಬಯಲು ನೀರು.

ಕೂಗುವುದು ಏಕೆಂದರೆ ನಮ್ಮಲ್ಲಿ ಎಣಿಕೆಗೆ ಇಬ್ಬರು ಕೂರುವುದು ವಾಡಿಕೆ. ಒಬ್ಬರು ಕಣ್ಣೆತ್ತದೆ ನೋಡುತ್ತ ಹೆಸರು ಹೇಳಬೇಕು. ಇನ್ನೊಬ್ಬರು, ರಕ್ತಪರೀಕ್ಷೆಯವರ ಬಳಿ ಇರುತ್ತದಲ್ಲ, ಅಂಥ ಗುಂಡಿಗಳ ಪೆಟ್ಟಿಗೆಯಲ್ಲಿ ಒತ್ತುತ್ತ ಹೋಗಬೇಕು. ನಾನು ಹೇಳುವವಳು. ಒತ್ತುವವಳು ನಮ್ಮ ಹುಡುಗಿ, ಪಿಎಚ್‌ಡಿ ವಿದ್ಯಾರ್ಥಿನಿ. ಅವಳು ಡೊಂಬಿವಲಿ ಪಕ್ಕದ ಕಲ್ಯಾಣದಲ್ಲೇ ಹುಟ್ಟಿದವಳು. ಅಪ್ಪ ಅಮ್ಮ ಕಲಬುರಗಿ ಕಡೆಯವರು, ಅಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುತ್ತಾರೆ. ಅವಳ ಮಾತು ನನ್ನ ಹತ್ತಿರ ಮನೆಯ ಕನ್ನಡ, ಉಳಿದವರ ಹತ್ತಿರ ಹಿಂದಿ, ಗೈಡ್ ಹತ್ತಿರ ಮರಾಠಿ.

ಈ ಕೋರು ಅವಳ ಪ್ರಬಂಧದ ಮುಖ್ಯ ಅಧ್ಯಾಯ. ತಳದಿಂದ ಮೇಲಕ್ಕೆ ಬಂದಂತೆ ಡಬ್ಬಾ ಮೆಲ್ಲಗೆ ಕಡಿಮೆಯಾಗುತ್ತ, ಹೋಡಿ ಮೆಲ್ಲಗೆ ಹೆಚ್ಚುತ್ತ ಬಂದಿತ್ತು. ಗ್ರಾಫ್ ಹಾಕಿದ ದಿನ ಅವಳ ಗೈಡ್ ಕನ್ನಡಕ ತಲೆಗೇರಿಸಿ ಬಹಳ ಹೊತ್ತು ನೋಡಿದ್ದರು.

"ಕಿತೀ ಸುಂದರ್ ಉತಾರ್ ಆಹೆ, ಮ್ಯಾಡಮ್!"

ಎಷ್ಟು ಚೆಂದದ ಇಳಿಜಾರು! ಮಂಜುಗಡ್ಡೆ ಹೀಗೆ ನಿಧಾನವಾಗಿ ಹಿಂದೆ ಸರಿದಿದ್ದನ್ನು ಆ ಭಾಗದಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ ಎಂದರು. ಪ್ರಬಂಧ ಆ ಹಂಗಾಮಿನೊಳಗೆ ಒಪ್ಪಿಸಿದರೆ ದಕ್ಷಿಣ ಸಾಗರಕ್ಕೆ ಹೋಗುವ ಹಡಗಿನಲ್ಲಿ ಹುಡುಗಿಗೆ ಜಾಗವಿತ್ತು. ಅವಳು ಸ್ವೆಟರ್‌ಗಳನ್ನು ನೋಡಲು ಉಲ್ಹಾಸನಗರದ ಅಂಗಡಿಗಳಿಗೂ ಹೋಗಿ ಬಂದಿದ್ದಳು.

ಆ ಬೆಳಿಗ್ಗೆ ಠಾಣೆಯಲ್ಲಿ ಗಾಡಿ ಬದಲಿಸಿ, ಬೇಲಾಪುರದಲ್ಲಿ ಇಳಿದು, ಪ್ರಯೋಗಾಲಯಕ್ಕೆ ಹೋದವಳು ಹುಡುಗಿ ಬರುವ ಮೊದಲೇ ಒಂದು ಸ್ಲೈಡ್ ಹಾಕಿ ಕೂತೆ. ನಮ್ಮ ಮೈಕ್ರೋಸ್ಕೋಪಿಗೆ ಎರಡು ಕಣ್ಣುಗಳಿವೆ, ಆದರೆ ಅಳತೆಯ ಗೀರುಗಳಿರುವುದು ಬಲಗಡೆಯದರಲ್ಲಿ ಮಾತ್ರ. ದೊಡ್ಡ ಚಿಪ್ಪುಗಳನ್ನು ಎರಡು ಕಣ್ಣಿನಿಂದ ನೋಡಿ ಹೇಳುತ್ತೇನೆ. ಸಣ್ಣದು, ಅನುಮಾನದ್ದು ಬಂದಾಗ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುತ್ತೇನೆ. ಡಬ್ಬಾ ಮತ್ತು ಹೋಡಿ ಎರಡೂ ಸಣ್ಣವು.

ಒಂದು ಚಿಪ್ಪನ್ನು ನಡುವಿಗೆ ತಂದೆ. ಲಂಬವಾಗಿ ನಿಂತಿತ್ತು. ಬಲಗಣ್ಣಿಗೆ ಅದು ಹೋಡಿ. ಎಡಗಣ್ಣಿಗೆ ಡಬ್ಬಾ ಅನಿಸಿತು, ಆದರೆ ಎಡಗಣ್ಣಿಗೆ ಅಭ್ಯಾಸವಿಲ್ಲ, ಆ ಮಾತನ್ನು ಹೇಗೆ ನಂಬುವುದು? ಆಗ ಸ್ಲೈಡ್ ಇರುವ ತಟ್ಟೆಯನ್ನೇ ತಿರುಗಿಸಿದೆ. ಚಿಪ್ಪು ಅಡ್ಡ ಮಲಗಿತು. ಈಗ ಅದೇ ಬಲಗಣ್ಣಿಗೆ ಅದು ಡಬ್ಬಾ. ಮತ್ತೆ ನಿಲ್ಲಿಸಿದೆ, ಹೋಡಿ. ಮತ್ತೆ ಮಲಗಿಸಿದೆ, ಡಬ್ಬಾ. ಸಾವಿರಾರು ವರ್ಷಗಳಿಂದ ಕೆಸರಿನಲ್ಲಿದ್ದ ಚಿಪ್ಪು ನನ್ನ ಬೆರಳು ತಿರುಗಿಸಿದ ಹಾಗೆ ಜಾತಿ ಬದಲಿಸುವುದು ಸಾಧ್ಯವಿಲ್ಲ.

ಹುಡುಗಿ ಬಂದಾಗ ನಾನಿನ್ನೂ ತಿರುಗಿಸುತ್ತಲೇ ಇದ್ದೆ.

"ಏನ್ ಮೇಡಂ, ಚಕ್ಕಿ ಬೀಸಾಕತ್ತೀರಿ?"

ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿದೆ. ಹಳದಿ ಪಟ್ಟಿ, ಕಂಬ, ಚಿಪ್ಪು. ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಲಿಲ್ಲ.

"ಕಣ್ಣಿಗೆ ಏನಾಗ್ಯಾದ್ರಿ? ಡಾಕ್ಟರ್‌ಗ ತೋರ್ಸ್ರಿ ಮೊದ್ಲು."

"ತೋರಿಸ್ತೇನೆ. ಆದ್ರೆ ನಾವು ಈ ಸ್ಲೈಡುಗಳನ್ನು ಯಾವ ಕ್ರಮದಲ್ಲಿ ಎಣಿಸಿದ್ದು, ನೆನಪುಂಟಲ್ಲ?"

ಅವಳ ಮುಖದಲ್ಲಿ ಅದು ತಿಳಿದದ್ದು ನನಗೆ ಕಂಡಿತು. ಎರಡೂ ಕಣ್ಣಿಗೆ ಕಂಡಿತು.

ಸ್ಲೈಡುಗಳನ್ನು ಕಲೆಸಿ ಎಣಿಸಬೇಕು. ಯಾವುದು ಯಾವ ಆಳದ್ದು ಎಂದು ಎಣಿಸುವವರಿಗೆ ತಿಳಿಯಬಾರದು. ಎಲ್ಲರಿಗೂ ಗೊತ್ತಿರುವ ಮಾತು ಇದು, ನಾವೇ ಹೊಸಬರಿಗೆ ಹೇಳಿಕೊಡುವಂಥದ್ದು. ಆದರೆ ಈ ಕೋರಿನ ಕೆಸರು ಶೀತಲ ಕೋಣೆಯಿಂದ ತುಂಡು ತುಂಡಾಗಿ ಬಂತು, ತಳದ ತುಂಡು ಮೊದಲು. ತೊಳೆದದ್ದು ಒಣಗುತ್ತಿದ್ದಂತೆ ಎಣಿಸಿದೆವು. ಹಾಗಾಗಿ ಅತಿ ಹಳೆಯ ಕಾಲವನ್ನು ಮೊದಲು ನೋಡಿದೆ, ಇತ್ತೀಚಿನ ಕಾಲವನ್ನು ಕೊನೆಗೆ. ನಡುವೆ ಒಂದು ವರ್ಷಕ್ಕೂ ಹೆಚ್ಚು ಸಮಯ. ಆ ಅವಧಿಯಲ್ಲಿ ನನ್ನ ಕಣ್ಣು ನಿಧಾನವಾಗಿ ಕೆಡುತ್ತಿದ್ದರೆ, ಡಬ್ಬಾಗಳು ನಿಧಾನವಾಗಿ ಹೋಡಿಗಳಾಗುತ್ತಿದ್ದವು. ಗ್ರಾಫಿನಲ್ಲಿ ಅದು ಮಂಜುಗಡ್ಡೆ ಹಿಂದೆ ಸರಿದಂತೆಯೇ ಕಾಣಬೇಕು. ಇಳಿಜಾರು ಸಮುದ್ರದ್ದೋ ನನ್ನ ಕಣ್ಣಿನದೋ ತಿಳಿಯಲು ಗ್ರಾಫಿನಲ್ಲಿ ಯಾವ ದಾರಿಯೂ ಇರಲಿಲ್ಲ.

ಅವಳು ಕೊನೆಗೆ ಬ್ಯಾಗ್ ಇಳಿಸಿ ಸ್ಟೂಲಿನ ಮೇಲೆ ಕೂತಳು.

"ಅಂದ್ರ ಅದು ನಿಮ್ ಕಣ್ಣಾಗಿನ ಬರಫೇನ್ರಿ? ಅಂಟಾರ್ಕ್ಟಿಕಾದ್ದಲ್ಲ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ ಹ್ಯಾಂಗ್ರಿ ಮೇಡಂ?" ಧ್ವನಿ ಏರಿತು, ಮತ್ತೆ ಇಳಿಯಿತು. "ಸರ್‌ಗ ಈಗೇ ಹೇಳ್ಬ್ಯಾಡ್ರಿ. ಸಬ್ಮಿಟ್ ಆಗ್ಲಿ. ಆಮ್ಯಾಲ ಹೇಳ್ರಿ. ಪ್ಲೀಸ್ ರೀ."

ನಾನು ಒಪ್ಪಲಿಲ್ಲ, ಒಪ್ಪುವುದಿಲ್ಲ ಎಂದೂ ಹೇಳಲಿಲ್ಲ. ಅಂದು ಸಂಜೆ ಗಾಡಿಯಲ್ಲಿ ಇದನ್ನೇ ಯೋಚಿಸಿದೆ. ಇಳಿಜಾರು ಸುಳ್ಳು ಎಂದು ನನಗೆ ಗೊತ್ತಿದ್ದರೆ ಹೇಳುವುದು ಸುಲಭವಿತ್ತು. ಮಂಜುಗಡ್ಡೆ ನಿಜವಾಗಿಯೂ ಹಿಂದೆ ಸರಿದಿದ್ದು, ನನ್ನ ಕಣ್ಣು ಕೊನೆಯ ಒಂದೆರಡು ತಿಂಗಳಲ್ಲಷ್ಟೇ ಕೆಟ್ಟಿದ್ದರೆ? ಆಗ ನಾನು ನಿಜವಾದ ಫಲಿತಾಂಶವೊಂದನ್ನು ಒಡೆದು, ಅದಕ್ಕಾಗಿ ಅವಳ ಹಡಗನ್ನೂ ತಪ್ಪಿಸಿದಂತಾಗುತ್ತದೆ. ಯೋಚಿಸುತ್ತ ಡೊಂಬಿವಲಿ ದಾಟಿ ಠಾಕುರ್ಲಿಯಲ್ಲಿ ಇಳಿದು ಹಿಂದಕ್ಕೆ ಬಂದೆ.

ನನ್ನ ಗಂಡ ಠಾಣೆಯಲ್ಲಿ, ನಾಕಾ ಎನ್ನುವ ಹಳೆಯ ಕೂಡುರಸ್ತೆಯೊಂದರ ಬಳಿ ಸಣ್ಣ ಶಾಕಾಹಾರಿ ಹೋಟೆಲು ನಡೆಸುತ್ತಾರೆ. ಉಡುಪಿ ಬಿಟ್ಟು ಮೂವತ್ತು ವರ್ಷ ಕಳೆದರೂ ಮಾತು ಅಲ್ಲಿಯದೇ. ಮರುದಿನ ಕಣ್ಣಿನ ಡಾಕ್ಟರ ಬಳಿ ಅವರೇ ಕರೆದುಕೊಂಡು ಹೋದರು. ಡಾಕ್ಟರು ಮೊದಲು ಸಣ್ಣ ಚೌಕಗಳ ಒಂದು ಹಾಳೆ ಕೊಟ್ಟರು. ಬಲಗಣ್ಣಿಗೆ ನಡುವಿನ ಚೌಕಗಳು ಉಬ್ಬಿದವು. ಆಮೇಲೆ ಯಂತ್ರದ ಮುಂದೆ ಗದ್ದ ಇರಿಸಿ ಚಿತ್ರ ತೆಗೆದರು. ಪರದೆಯ ಮೇಲೆ ನನ್ನ ಕಣ್ಣಿನ ಹಿಂಭಾಗ ಅಡ್ಡ ಕೊಯ್ದಂತೆ, ಬೂದು ಬಣ್ಣದ ಪದರ ಪದರವಾಗಿ ಮೂಡಿತು. ನಾನು ಜೀವಮಾನವಿಡೀ ನೋಡಿದ ಕೋರಿನ ಹಾಗೆಯೇ ಇತ್ತು. ಎಲ್ಲಕ್ಕಿಂತ ಮೇಲೆ ತೆಳ್ಳಗಿನ ಒಂದು ಬಿಳಿ ಗೆರೆ. ಅದೊಂದು ಪೊರೆ, ಎಲ್ಲರಿಗೂ ಗೊತ್ತಿರುವ ಕಣ್ಣಿನ ಪೊರೆಯಲ್ಲ, ಕಣ್ಣಿನ ಹಿಂಭಾಗದ್ದು, ಮುದುಡಿಕೊಂಡು ಕೆಳಗಿನ ಪದರಗಳನ್ನು ಎಳೆಯುತ್ತಿದೆ, ಅದಕ್ಕೇ ನೇರವಾದದ್ದು ವಕ್ರ ಕಾಣುತ್ತದೆ ಎಂದು ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದರು. ವಯಸ್ಸಾದಂತೆ ಕೆಲವರಿಗೆ ಬರುತ್ತದೆ, ಹೆಚ್ಚಾದರೆ ತೆಗೆಯಬಹುದು.

"ಯಾವಾಗ ಶುರುವಾಯಿತು?" ಎಂದು ಕೇಳಿದೆ.

"ಹೇಗೆ ಹೇಳುವುದು? ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ಕೆಲವು ತಿಂಗಳಾಗಿರಬಹುದು, ಕೆಲವು ವರ್ಷವೂ ಆಗಿರಬಹುದು."

"ಈ ಪದರಗಳಲ್ಲಿ ಗೊತ್ತಾಗುವುದಿಲ್ಲವೇ?"

ಡಾಕ್ಟರು ನನ್ನ ಗಂಡನ ಮುಖ ನೋಡಿದರು. ಹೊರಗೆ ಬಂದ ಮೇಲೆ ಗಂಡ ಹೇಳಿದರು, "ಎಂತ ಮಾರಾಯ್ತಿ, ಗುಣ ಆಗ್ತದಾ ಅಂತ ಕೇಳುವುದು ಬಿಟ್ಟು ತಾರೀಕು ಕೇಳ್ತಿ. ಇನ್ನೊಂದು ಪ್ರಶ್ನೆ ಕೇಳಿದ್ರೆ ಅವರು ನಿನ್ನ ತಲೆಯ ಫೋಟೋ ಸಹ ತೆಗೀತಿದ್ರು."

ಆ ಮರುದಿನ ಪ್ರಯೋಗಾಲಯಕ್ಕೆ ಹೋದಾಗ ಹುಡುಗಿ ಮೈಕ್ರೋಸ್ಕೋಪಿನ ಮುಂದೆ ನನ್ನ ಸ್ಟೂಲಿನ ಮೇಲೆ ಕೂತಿದ್ದಳು. ತಟ್ಟೆ ತಿರುಗಿಸುತ್ತಿದ್ದಳು.

"ಸರ್‌ಗ ನಾನೇ ಹೇಳ್ದೆ," ಎಂದಳು, ಕಣ್ಣೆತ್ತದೆ. "ನಿನ್ನೆ ಪೂರಾ ನೋಡ್ದೆ ಮೇಡಂ. ನನ್ಗ ನಿಂತ್ರೂ ಡಬ್ಬಾ, ಮಲಗಿದ್ರೂ ಡಬ್ಬಾ. ನೀವು ಹೋಡಿ ಅಂದಿದ್ದು. ಒಮ್ಮೆ ನೋಡಿದ ಮ್ಯಾಲ ಮುಚ್ಚಿಡಾಕ ಆಗಲ್ರಿ. ನಿದ್ದಿ ಬರ್ಲಿಲ್ಲ."

"ಸರ್ ಏನಂದ್ರು?"

"ಆ ಗ್ರಾಫ್ ನೋಡ್ಕೋತ ಕುಂತ್ರು. ಆಮ್ಯಾಲ 'ಪರತ್ ಮೋಜಾ' ಅಂದ್ರು."

ಮತ್ತೆ ಎಣಿಸಿ. ಆದರೆ ಯಾರು ಎಣಿಸುವುದು? ನಾನು ಎಣಿಸುವಂತಿಲ್ಲ. ಹುಡುಗಿ ಎಣಿಸಬಹುದು ಎಂದೆ. ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ನನ್ಗ ಹೋಡಿ ಅಂದ್ರ ಏನು ಅಂತ ಕಲ್ಸಿದ್ಯಾರ್ರಿ? ನೀವ. ಯಾವಾಗ ಕಲ್ಸಿದ್ರಿ? ಈ ಕೋರ್ ಶುರು ಆದಾಗ. ಒಂದೊಂದು ನನ್ಗೂ ಹೋಡಿ ಕಾಣ್ತದ್ರಿ. ಅದು ನನ್ ಕಣ್ಣೋ ನಿಮ್ ಕಣ್ಣೋ?"

ಇಷ್ಟು ವರ್ಷಗಳಲ್ಲಿ ನನ್ನ ಪಕ್ಕ ಕೂತು ಕಲಿತವರ ಮುಖಗಳು ಒಂದೊಂದಾಗಿ ನೆನಪಾದವು. ಅವರೆಲ್ಲ ಈಗ ಎಲ್ಲೆಲ್ಲೋ ಕೂತು ಡಬ್ಬಾ, ಹೋಡಿ ಎನ್ನುತ್ತಿರಬಹುದು.

ಕೊನೆಗೆ ಕ್ಯಾಮೆರಾ ಒಂದೇ ದಾರಿ ಎಂದು ಗೈಡ್ ಹೇಳಿದರು. ಪ್ರತಿ ಸ್ಲೈಡಿನ ಸಣ್ಣ ಚಿಪ್ಪುಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅವುಗಳ ಬದಿಗೆ ಒಂದು ನೇರ ಗೆರೆ ಇಡುವುದು. ಬದಿ ಗೆರೆಗೆ ಅಂಟಿಕೊಂಡಿದ್ದರೆ ಡಬ್ಬಾ. ಗೆರೆ ನಡುವಿಗೆ ಮಾತ್ರ ತಾಗಿ ತುದಿಗಳತ್ತ ಸಂದು ಬಿಟ್ಟಿದ್ದರೆ ಹೋಡಿ. ಈ ಸಲ ಸ್ಲೈಡುಗಳನ್ನು ಕಲೆಸಲೇಬೇಕು. ಕಲೆಸುವವರಿಗೆ ಈ ಗ್ರಾಫು, ಈ ಇಳಿಜಾರು ಏನೂ ಗೊತ್ತಿರಬಾರದು. ನನಗೆ ಗಂಡನ ಹೋಟೆಲು ನೆನಪಾಯಿತು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಗಲ್ಲಾದ ಮುಂದೆ ಜನ ಖಾಲಿಯಾದ ಹೊತ್ತಿನಲ್ಲಿ ಸ್ಲೈಡಿನ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟೆವು. ಹುಡುಗಿಯನ್ನೂ ನನ್ನನ್ನೂ ಗಂಡ ಎದುರಿನ ಮೇಜಿಗೆ, ಬೆನ್ನು ಹಾಕಿ ಕೂರಿಸಿದರು. ಸ್ಲೈಡುಗಳನ್ನು ಕಲೆಸಿ, ಹಳೆಯ ಗುರುತುಗಳ ಮೇಲೆ ಬಿಲ್ಲಿನ ಕಾಗದದ ಚೂರುಗಳನ್ನು ಅಂಟಿಸುತ್ತ ಹೊಸ ನಂಬರು ಬರೆದರು.

"ಇದರಲ್ಲಿ ಏನೂ ಇಲ್ಲ ಅಲ್ವಾ? ಖಾಲಿ ಗಾಜು," ಎಂದರು ಹಿಂದಿನಿಂದ.

"ಕಾಕಾ, ಅದ್ರಾಗ ನನ್ ಐದು ವರ್ಷ ಅದಾವು," ಎಂದಳು ಹುಡುಗಿ. "ಬೀಳಿಸ್ಬ್ಯಾಡ್ರಿ."

"ದೋಸೆ ಮಸಾಲೆ ತಾಗ್ಲಿಕ್ಕಿಲ್ಲ, ಅಷ್ಟು ಹೇಳ್ತೇನೆ. ನಿನ್ನ ಮೇಡಂಗೆ ಮೂವತ್ತು ವರ್ಷದಿಂದ ನಾನು ಎಂತ ಹೇಳಿದ್ರೂ ನಂಬಿಕೆ ಇಲ್ಲ. ಈಗ ನೋಡು, ಅಂಟಾರ್ಕ್ಟಿಕಾಕ್ಕೇ ನಾನು ಬೇಕಾಯ್ತು."

ಅವಳು ಆಗ ನಕ್ಕಳು. ಆ ವಾರಗಳಲ್ಲಿ ನಾನು ಕೇಳಿದ ಅವಳ ಮೊದಲ ನಗು ಅದು.

ಕೆಲಸ ನಾವು ಅಂದುಕೊಂಡದ್ದಕ್ಕಿಂತ ನಿಧಾನವಾಯಿತು. ಹಂಗಾಮಿನೊಳಗೆ ಮುಗಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಹಡಗು ಅವಳಿಲ್ಲದೆ ಹೊರಟಿತು. ಆ ದಿನ ಅವಳು ಬಂದು ಎಂದಿನಂತೆ ಚಿತ್ರ ತೆಗೆದಳು. ಊಟದ ಹೊತ್ತಿಗೆ ಮಾತ್ರ, "ಅಪ್ಪ ಕೇಳ್ತಾನ್ರಿ. ಅಲ್ಲಿ ಬರಫ್ ಇತ್ತೋ ಇಲ್ಲೋ, ಅಷ್ಟರ ಹೇಳವ್ವ ಅಂತಾನ. ಏನ್ ಹೇಳ್ಲಿ?" ಎಂದಳು. ನನ್ನ ಡಬ್ಬಿಯ ಚಿತ್ರಾನ್ನ ಅವಳ ಕಡೆ ಸರಿಸಿದೆ.

ಎಲ್ಲ ಚಿತ್ರಗಳಾದ ಮೇಲೆ ಗಂಡ ನಂಬರುಗಳ ಗುಟ್ಟು ಬಿಟ್ಟುಕೊಟ್ಟರು. ಹುಡುಗಿ ಹೊಸ ಗ್ರಾಫ್ ಹಾಕಿದಳು. ಗೈಡ್, ಅವಳು, ನಾನು ಮೂವರೂ ಪರದೆಯ ಮುಂದೆ ನಿಂತೆವು. ನಾನು ಬಲಗಣ್ಣು ಮುಚ್ಚಿ ನೋಡಿದೆ.

ಮೇಲಿನ ಪದರಗಳ ಇಳಿಜಾರು ಹೋಗಿತ್ತು. ಅಲ್ಲಿ ನಾನು ಹೋಡಿ ಎಂದಿದ್ದ ಬಹಳಷ್ಟು ಚಿಪ್ಪುಗಳು ಡಬ್ಬಾಗಳಾಗಿದ್ದವು. ಇದು ನಾವು ಹೆದರಿದ್ದೇ. ನಡುವಿನ ಪದರಗಳಲ್ಲಿ ಇಳಿತ ಉಳಿದಿತ್ತು, ಆದರೆ ಮೆಲ್ಲಗಿನ ಇಳಿಜಾರಲ್ಲ, ಮೆಟ್ಟಿಲಿನಂತೆ ಒಮ್ಮೆಗೇ. ಇಷ್ಟಾದರೆ ಅರ್ಥವಾಗುತ್ತಿತ್ತು. ಮಂಜುಗಡ್ಡೆ ಒಮ್ಮೆ ಹಿಂದೆ ಸರಿಯಿತು, ಉಳಿದದ್ದು ಕಣ್ಣು. ಆದರೆ ತಳದ ಪದರಗಳಲ್ಲಿ, ನನ್ನ ಕಣ್ಣು ಚೆನ್ನಾಗಿತ್ತು ಎಂದು ನಾವೆಲ್ಲ ನಂಬಿದ್ದ ಕಾಲದಲ್ಲಿ, ಲೆಕ್ಕ ತಿರುವುಮುರುವಾಗಿತ್ತು. ನಾನು ಡಬ್ಬಾ ಎಂದಿದ್ದ ಕೆಲವು ಚಿಪ್ಪುಗಳ ಬದಿಗೆ ಗೆರೆ ಅಂಟಿಕೊಂಡಿರಲಿಲ್ಲ. ಅವು ಹೋಡಿಗಳು.

ಕಣ್ಣಿನ ಪೊರೆ ನೇರವಾದದ್ದನ್ನು ಉಬ್ಬಿಸಿ ತೋರಿಸಬಹುದು. ಉಬ್ಬಿದ್ದನ್ನು ನೇರ ಮಾಡಿ ತೋರಿಸುವುದೇ? ಡಾಕ್ಟರನ್ನು ಮತ್ತೆ ಕೇಳಿದೆ. ಪೊರೆ ಎಳೆಯುವ ದಿಕ್ಕು ಬದಲಾಗುತ್ತಿರುತ್ತದೆ, ಆಗಿರಲೂಬಹುದು ಎಂದರು. ತಳದ ಚಿಪ್ಪುಗಳು ಕೆಸರಿನಲ್ಲಿ ಸವೆದು ಆಕಾರ ಕೆಟ್ಟಿರಬಹುದು, ಆಗ ಗೆರೆಯ ಮಾತನ್ನೂ ಪೂರ್ತಿ ನಂಬುವಂತಿಲ್ಲ ಎಂದು ಗೈಡ್ ಹೇಳಿದರು. ನನಗೆ ಇನ್ನೊಂದು ಅನುಮಾನವಿದೆ. ಕೋರಿನ ತಳ ಹಳೆಯ ಕಾಲ, ಅಲ್ಲಿ ಮಂಜುಗಡ್ಡೆ ಹೆಚ್ಚಿರಬೇಕು ಎಂದು ನಾವು ಮೊದಲೇ ಅಂದುಕೊಂಡಿದ್ದೆವು. ತಳದ ಸ್ಲೈಡ್ ಎಂದು ಗೊತ್ತಿದ್ದೇ ನೋಡಿದೆ. ಕಣ್ಣು ಸರಿಯಿದ್ದಾಗಲೂ ನಾನು ನೋಡಿದ್ದು ಕಣ್ಣಿನಿಂದಲೇ ಆಗಿತ್ತೇ? ಮೂರರಲ್ಲಿ ಯಾವುದು ನಿಜ ಎಂದು ಹೇಳಲಾರೆ. ಮೂರೂ ಸ್ವಲ್ಪ ಸ್ವಲ್ಪ ನಿಜವಿರಬಹುದು.

ಅಧ್ಯಾಯವನ್ನು ಹುಡುಗಿ ಹೊಸದಾಗಿ ಬರೆದಳು. ಚೆಂದದ ಇಳಿಜಾರಿನ ಜಾಗದಲ್ಲಿ ಈಗ ಒಂದು ಮೆಟ್ಟಿಲು, ಅದರ ಸುತ್ತ ಬೂದು ಬಣ್ಣದ ಅಗಲವಾದ ಪಟ್ಟಿ. ನಿಜ ಈ ಪಟ್ಟಿಯೊಳಗೆ ಎಲ್ಲಾದರೂ ಇರಬಹುದು ಎಂದು ಅದರ ಅರ್ಥ. ತಳದಲ್ಲಿ ಪಟ್ಟಿ ಎಷ್ಟು ಅಗಲವೆಂದರೆ ಅಲ್ಲಿ ಮಂಜುಗಡ್ಡೆ ಇತ್ತೆಂದೂ ಓದಬಹುದು, ಇರಲಿಲ್ಲವೆಂದೂ ಓದಬಹುದು. ಹಾಗೇ ಇರಲಿ ಎಂದು ಅವಳು ಹಟ ಹಿಡಿದಳು. ಗೈಡ್ ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಪ್ರಬಂಧ ಒಪ್ಪಿಸಿದಳು. ಪರೀಕ್ಷಕರ ಉತ್ತರ ಇನ್ನೂ ಬಂದಿಲ್ಲ.

ಈಗ ಇನ್ನೊಂದು ಕೋರು ಬಂದಿದೆ. ನಾವು ಜಾಗ ಬದಲಿಸಿದ್ದೇವೆ. ಅವಳು ನೋಡುತ್ತಾಳೆ, ನಾನು ಗುಂಡಿ ಒತ್ತುತ್ತೇನೆ. ಪೆಟ್ಟಿಗೆಗಳು ಮೊದಲು ಹೋಟೆಲಿಗೆ ಹೋಗಿ ಬರುತ್ತವೆ. ನಿನ್ನೆ ಅವಳು ಎಂದಿನ ವೇಗದಲ್ಲಿ ಹೇಳುತ್ತಿದ್ದಳು, ಡಬ್ಬಾ, ಡಬ್ಬಾ, ಹೋಡಿ, ಡಬ್ಬಾ. ಒಂದು ಕಡೆ ನಿಂತಳು. ತಟ್ಟೆ ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ನೀವ್ ಬರ್ರಿ ಒಮ್ಮೆ."

ಎಡಗಣ್ಣಿನಿಂದ ನೋಡಿದೆ. ಆಮೇಲೆ, ಅವಳು ಬೇಡ ಅನ್ನಲಿಲ್ಲವಾದ್ದರಿಂದ, ಬಲಗಣ್ಣಿನಿಂದಲೂ ನೋಡಿದೆ. ಚಿಪ್ಪಿನ ಒಂದು ಬದಿ ನೇರವಿತ್ತು. ಇನ್ನೊಂದು ಬದಿ ನೇರವಿತ್ತೋ ಇಲ್ಲವೋ.

"ಯಾವ್ದು ಒತ್ಲಿ?" ಎಂದು ಕೇಳಿದೆ.

ಪೆಟ್ಟಿಗೆಯ ಕೊನೆಯಲ್ಲಿ, ಗುರುತು ಹೇಳಲಾಗದ ಚಿಪ್ಪಿಗೆಂದು ಇಟ್ಟು ನಾವು ಎಂದೂ ಬಳಸದ ಗುಂಡಿಯೊಂದಿದೆ, ಧೂಳು ಕೂತು ಬಿಗಿಯಾಗಿತ್ತು. ಅವಳು ಕೈ ಚಾಚಿ, ಎರಡು ಸಲ ಅಮುಕಿ, ಅದನ್ನೇ ಒತ್ತಿದಳು. ಆಮೇಲೆ ಮತ್ತೆ ಕಣ್ಣಿಟ್ಟು, "ಹೂಂ, ಮುಂದ. ಡಬ್ಬಾ," ಎಂದಳು.